ಬರಿದೇ ಹೋಗದ ನೀಲಿ ಡಬ್ಬಿಗಳು

ಫೆಬ್ರವರಿ 23, 2004. ಸೋಮವಾರ

ಇವತ್ತೂ ಅಫ್ಜಲ್‌ಗಂಜ್‌ನಲ್ಲಿ ಇಳಿಯುವುದನ್ನು ಮರೆತೆ. ಕಿಟಕಿಯಾಚೆ ಒಬ್ಬ ಮುದುಕ ಸೈಕಲ್ಲಿನ ಮೇಲೆ ಬುಟ್ಟಿಗಳ ಗೋಪುರ ಕಟ್ಟಿಕೊಂಡು ಹೊರಟಿದ್ದ. ಬುಟ್ಟಿಗಳೇ ಎಲ್ಲಿಗೋ ಹೊರಟಿವೆ, ಸೈಕಲ್ಲು ಪಾಪ ಅವುಗಳ ಕೆಳಗೆ ಸಿಕ್ಕಿಕೊಂಡಿದೆ ಅನ್ನಿಸಿತು. ನೋಡುತ್ತ ಕೂತೆ. ಕಂಡಕ್ಟರ್ ಬೈದ ಮೇಲೆ ಎಚ್ಚರ. ಮುಂದಿನ ಸ್ಟಾಪಿನಿಂದ ಬೇಗಂ ಬಜಾರಿಗೆ ನಡೆದೇ ಬಂದೆ.

ನಮ್ಮ ಶೆಡ್ಡು ಮೊದಲು ಹುಣಸೆಹಣ್ಣಿನ ಗೋದಾಮು. ಎಷ್ಟು ತೊಳೆದರೂ ಒಳಗೆ ಕಾಲಿಟ್ಟರೆ ಬಾಯಲ್ಲಿ ನೀರು. ಈಗ ಅಲ್ಲಿ ನೀಲಿ ಪ್ಲಾಸ್ಟಿಕ್ ಡಬ್ಬಿಗಳು. ದೊಡ್ಡವು, ಒಂದು ಕರು ಮಲಗಬಹುದು. ಒಳಗೆಲ್ಲ ಕಪ್ಪು ಸ್ಪಂಜು, ಕಂಪ್ಯೂಟರಿನ ಆಕಾರಕ್ಕೆ ಕೊರೆದದ್ದು. ಮಾಧಾಪುರದ ಒಂದು ಕಂಪನಿ ಇವುಗಳಲ್ಲಿ ಕಂಪ್ಯೂಟರ್ ಇಟ್ಟು ಊರ ತುಂಬ ಏಳುತ್ತಿರುವ ಹೊಸ ಆಫೀಸುಗಳಿಗೆ ಕಳಿಸುತ್ತದೆ. ಮೊದಲೆಲ್ಲ ರಟ್ಟಿನ ಪೆಟ್ಟಿಗೆ — ಒಂದು ಸಲ ಹೋಗಿ ಕಸವಾಗುತ್ತಿತ್ತು. ಡಬ್ಬಿ ಹಾಗಲ್ಲ. ಖಾಲಿಯಾಗಿ ಕಂಪನಿಗೆ ವಾಪಸ್. ಅಲ್ಲಿಂದ ನಮ್ಮಲ್ಲಿಗೆ. ತೊಳೆದು ಒಣಗಿಸಿ ಮುಚ್ಚಿ ಕೊಟ್ಟರೆ ಮತ್ತೆ ತುಂಬುತ್ತಾರೆ. ಸುತ್ತುತ್ತಲೇ ಇರಬೇಕು.

ಓನರ್ ಸೂರ್ಯನಾರಾಯಣ ಗಾರು ಸಾಫ್ಟ್‌ವೇರ್ ಕೆಲಸ ಬಿಟ್ಟು ಈ ಹುಚ್ಚಿಗೆ ಬಿದ್ದವರು. ಇದಕ್ಕೆ ರಿವರ್ಸ್ ಲಾಜಿಸ್ಟಿಕ್ಸ್ ಅನ್ನುತ್ತಾರೆ. ನನಗೆ ಅರ್ಥವಾಗಲೆಂದು ತೆಲುಗಿನಲ್ಲಿ — "ಪೋಯಿಂದಿ ತಿರಿಗಿ ರಾವಾಲಿ, ಅಂತೇ." ಹೋದದ್ದು ತಿರುಗಿ ಬರಬೇಕು, ಅಷ್ಟೇ. ನನಗೆ ಮೊದಲೇ ಗೊತ್ತಿತ್ತು. ಊರಲ್ಲಿ ಬಂಡಿ ಹೊಡೆಯುವ ತಾಯಪ್ಪ ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ಹೋಗುವುದು ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಬರುವುದೇ ಕಥೆ.

ಮಧ್ಯಾಹ್ನ ಡಬ್ಬಿಗಳೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ. ಬೆಳಕು ಅವುಗಳನ್ನು ಹಾದು ಗೋಡೆಯೆಲ್ಲ ನೀಲಿ. ತೊಳೆಯುವ ಗುಂಡಮ್ಮನ ಬಿಳಿ ಕೂದಲೂ ನೀಲಿ. ನೀರೊಳಗೆ ಕೂತು ಕೆಲಸ ಮಾಡುತ್ತಿದ್ದೇವೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಫೆಬ್ರವರಿ 27. ಶುಕ್ರವಾರ

ಕಂಪನಿಯಿಂದ ಮೇಡಂ ಬಂದಿದ್ದರು. ಸ್ನೇಹಲತಾ. ಕ್ವಾಲಿಟಿ ನೋಡುವವರು. ಕುತ್ತಿಗೆಯಲ್ಲಿ ಕಾರ್ಡು, ಮಾತೆಲ್ಲ ಇಂಗ್ಲಿಷು, ನಡುವೆ ಅವಸರದ ತೆಲುಗು. ಬಿಳಿ ಕರ್ಚೀಫಿನಿಂದ ಡಬ್ಬಿಯ ಮೂಲೆ ಒರೆಸಿ ನೋಡಿದರು. ಕರ್ಚೀಫು ಬಿಳಿಯಾಗಿಯೇ ಇತ್ತು. ಮೊದಲ ಲೋಡು ಪಾಸಂತೆ. ಇನ್ನೆರಡು ಲೋಡ್ ಹೀಗೇ ಬಂದರೆ ಅವರ ಡಬ್ಬಿಯೆಲ್ಲ ನಮಗೆ. ಇಲ್ಲವಾದರೆ ಮತ್ತೆ ರಟ್ಟು.

ಮತ್ತೆ ರಟ್ಟು ಅಂದರೆ ಶೆಡ್ಡಿಗೆ ಬೀಗ. ಸೂರ್ಯನಾರಾಯಣ ಗಾರು ಹೇಗೋ ಬದುಕಿಕೊಳ್ಳುತ್ತಾರೆ. ನಾನು ದಿಲ್‌ಸುಖ್‌ನಗರದಲ್ಲಿ ಮತ್ತೆ ಕೋಚಿಂಗ್ ಸೆಂಟರಿನ ಪಾಂಪ್ಲೆಟ್ ಹಂಚಬಹುದು. ಗುಂಡಮ್ಮನದೇ ಯೋಚನೆ. ಶಹಾಪುರದ ಕಡೆಯವಳು, ಒಂಟಿ. ಬಿಲ್ಡಿಂಗ್ ಕೆಲಸದಲ್ಲಿ ತಲೆ ತಿರುಗಿ ಬಿದ್ದ ಮೇಲೆ ಯಾವ ಮೇಸ್ತ್ರಿಯೂ ಅವಳನ್ನು ಕರೆಯುವುದಿಲ್ಲ. ಬೆಳಿಗ್ಗೆ ಕೂಲಿಯವರ ಅಡ್ಡಾದಲ್ಲಿ ಹೋಗಿ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು.

ಹೋಗುವಾಗ ಮೇಡಂ ಚೀಲ ಮರೆತಿದ್ದರು. ಗುಂಡಮ್ಮ ಓಡಿ ಹೋಗಿ ಕಾರಿಗೆ ಕೊಟ್ಟು ಬಂದಳು. "ಚಂದ ಮುಖರಿ ಅಣ್ಣಾ. ಊಟ ಮಾಡಿಲ್ಲ ಅನಸ್ತೈತಿ" ಅಂದಳು.

ಮಾರ್ಚ್ 11. ಗುರುವಾರ

ಇರುವೆ!

ಬಂಜಾರಾ ಹಿಲ್ಸಿನ ಯಾವುದೋ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಹೊರಗೆ ತೆಗೆದಿದ್ದಾರೆ. ಹಿಂದೆಯೇ ಇರುವೆಗಳ ಮೆರವಣಿಗೆ. ಕೀಬೋರ್ಡ್ ಮೇಲೆ ಹತ್ತಿ, ಒಂದೊಂದು ಅಕ್ಷರವಾಗಿ ನಡೆದು, ಸಾಹೇಬರ ಚಹಾ ಕಪ್ಪಿನವರೆಗೆ. ಫೋನಿನಲ್ಲಿ ಮೇಡಂ ಕಿರುಚುತ್ತಿದ್ದರು, ಸೂರ್ಯನಾರಾಯಣ ಗಾರು "ಸಾರಿ ಅಂಡಿ, ಸಾರಿ ಅಂಡಿ" ಅನ್ನುತ್ತಿದ್ದರು. ಸ್ಪಂಜಿನ ಸಂದಿಯಲ್ಲಿ ಜೋಳದ ಕಾಳು ಸಿಕ್ಕಿತಂತೆ. ಬೆಲ್ಲದ ಚೂರೂ.

ಇನ್ನೊಂದೇ ಅವಕಾಶ. ಇಪ್ಪತ್ತಾರಕ್ಕೆ ಲೋಡ್ ಹೋಗಬೇಕು, ಮಧ್ಯಾಹ್ನದ ಒಳಗೆ. ಒಂದು ಕಾಳು ಸಿಕ್ಕರೂ ಮುಗಿಯಿತು.

"ಈ ಬಜಾರೇ ಹಂಗೆ. ಇಲಿಗಳ ಕೆಲಸ" ಅಂದೆ. ಪಕ್ಕದ್ದು ಸಕ್ಕರೆ ಅಂಗಡಿ, ಎದುರಿಗೆ ಕಾಳಿನದು. ತೊಳೆಯುವ ಹೆಂಗಸರಿಗೆ ಇಲಿ ಬಂದಿವೆ ಅಂತಷ್ಟೇ ಹೇಳಿ, ಎಲ್ಲರೂ ಸೇರಿ ಗೋಡೆಯ ತೂತು ಮುಚ್ಚಿದೆವು. ಗುಂಡಮ್ಮ ಎಲ್ಲರಿಗಿಂತ ಜೋರು. ಇಲಿಗಳಿಗೆ ಅವಳು ಬೈದ ಬೈಗುಳ ಬರೆಯುವಂಥದ್ದಲ್ಲ.

ಮಾರ್ಚ್ 13. ಶನಿವಾರ. ಮಧ್ಯಾಹ್ನ

ಇಲಿ ಅಲ್ಲ.

ಮಾಳಿಗೆಗೆ ಹೋದೆ, ಚಹಾ ಕೊಡಲು. ಗುಂಡಮ್ಮ ಒಣಗಿದ ಡಬ್ಬಿಗೆ ಮುಚ್ಚಳ ಹಾಕುವ ಮುನ್ನ ಸೆರಗಿನ ಗಂಟು ಬಿಚ್ಚಿದಳು. ಒಂದು ಚಿಟಿಕೆ ಏನೋ ಒಳಗೆ. ಮುಚ್ಚಿದಳು.

"ಏನ್ ಹಾಕ್ದಿ ಅದರಾಗ?"

"ಏನಿಲ್ಲರಿ ಅಣ್ಣಾ. ನಾಕ್ ಕಾಳ ಜ್ವಾಳ. ಒಂದ್ ಚೂರ ಬೆಲ್ಲ."

"ಯಾಕ?"

ದಡ್ಡನನ್ನು ನೋಡುವ ಹಾಗೆ ನೋಡಿದಳು. "ಮಂದಿ ಡಬ್ಬಿ. ಬರೇ ಡಬ್ಬಿ ಹೆಂಗ ಕಳಸಾದ್ರಿ? ನಿಮ್ಮನ್ಯಾಗ ಕಳಸ್ತಿದ್ರೇನು?"

"ಅದು ಮನಿ ಅಲ್ಲ ಗುಂಡಮ್ಮ, ಕಂಪನಿ!"

"ಕಂಪನ್ಯಾಗ ಮಂದಿ ಇಲ್ಲೇನ್ರಿ?"

ಪಕ್ಕದಲ್ಲಿ ಡಬ್ಬಿ ಒರೆಸುತ್ತಿದ್ದ ರೇಣುಕಾ ಕಿಸಕ್ಕನೆ ನಕ್ಕಳು. "ಅಣ್ಣಾರ, ನಾ ಸಕ್ಕರಿ ಹಾಕೀನ್ರಿ. ಬೆಲ್ಲ ತೀರಿತ್ತು ನಮ್ಮನ್ಯಾಗ."

ಎಲ್ಲರೂ ಹಾಕಿದ್ದಾರೆ. ಒಬ್ಬರಿಗೊಬ್ಬರು ಹೇಳಿಕೊಂಡೂ ಇಲ್ಲ. ಅದೇನು ಹೇಳುವಂಥದ್ದೇ?

"ಮತ್ತ ಮೊದಲನೇ ಲೋಡಿನ್ಯಾಗ ಏನೂ ಇರಲಿಲ್ಲಲ್ಲ?"

"ಆಗ ಯಾರಂತ ಗೊತ್ತಿರಲಿಲ್ಲರಿ. ಈಗ ಆ ಮೇಡಂ ಬಂದು ಹೋದ್ಳು. ಮುಖ ನೋಡಿದ ಮ್ಯಾಲ ಬರೇ ಡಬ್ಬಿ ಕಳಸಾಕ ಬರ್ತೈತೇನ್ರಿ?"

ಇರುವೆಯ ಕಥೆ ಹೇಳಿದೆ. ಶೆಡ್ಡಿಗೆ ಬೀಗ ಬೀಳುತ್ತದೆ ಅಂದೆ. ಗುಂಡಮ್ಮ ಸೆರಗಿನ ಗಂಟನ್ನು ಮತ್ತೆ ಬಿಗಿದು ಕಟ್ಟಿದಳು. ಆಮೇಲೆ — "ತೊಳಿತೀನಿ. ಒರಸ್ತೀನಿ. ಮುಚ್ಚಳ ನೀವ ಹಾಕ್ರಿ. ನನ್ನ ಕೈಲೆ ಆಗಂಗಿಲ್ಲ."

ಹಾಕುತ್ತೇನೆ ಅಂದು ಮುಚ್ಚಳ ಎತ್ತಿಕೊಂಡೆ. ಒಳಗೆ ಕಪ್ಪಗೆ, ಹಸಿದ ಹೊಟ್ಟೆಯ ಹಾಗೆ. ನನ್ನ ಕೈಯೂ ಅಲ್ಲೇ ನಿಂತಿತು.

ಮಾರ್ಚ್ 15. ಸೋಮವಾರ

ಸೂರ್ಯನಾರಾಯಣ ಗಾರಿಗೆ ಹೇಳಿದೆ. ನಕ್ಕರು, ನಕ್ಕು ಕಣ್ಣು ಒರೆಸಿಕೊಂಡರು. ತಾರ್ನಾಕದಲ್ಲಿ ಅವರ ತಾಯಿಯೂ ಹಾಗೇ ಅಂತೆ. ಪಕ್ಕದ ಮನೆಯ ಬಟ್ಟಲು ನಾಲ್ಕು ಒಣದ್ರಾಕ್ಷಿ ಇಲ್ಲದೆ ಹೋಗುವುದಿಲ್ಲ. ಆಮೇಲೆ ನಗು ನಿಂತಿತು. "ಕಾನಿ ವೈಜನಾಥ್, ಬಿಸಿನೆಸ್ ಉಂಡಾಲಿ ಕದಾ." ಬಿಸಿನೆಸ್ ಉಳಿಯಬೇಕಲ್ಲ. ಹೇಳಿದ್ದು ಕೇಳದಿದ್ದರೆ ಆ ಮುದುಕಿಯನ್ನು ಕಳಿಸಿಬಿಡು ಅಂದರು. ಒಂದು ದಿನ ಕೊಡಿ ಅಂದೆ.

ಬಸ್ಸಿನಲ್ಲಿ ಕಣ್ಣು ಹತ್ತಿತು. ಊರ ತುಂಬ ನೀಲಿ ಡಬ್ಬಿಗಳು ಒಂದರ ಹಿಂದೊಂದು ನಡೆಯುತ್ತಿದ್ದವು, ಪ್ರತಿ ಬಾಗಿಲ ಮುಂದೆ ಸ್ವಲ್ಪ ನಿಂತು. ಯಾವ ಬಾಗಿಲೂ ತೆರೆಯಲಿಲ್ಲ.

ಮಾರ್ಚ್ 16. ಮಂಗಳವಾರ

ಊಟದ ಹೊತ್ತಿನಲ್ಲಿ ಕೇಳಿದೆ. "ಇರುವಿ ತಿನ್ನಲಾರದ್ದು, ಕಸ ಆಗಲಾರದ್ದು ಏನರೆ ಹಾಕ್ರಿ. ಆಗಬಹುದೇನು?"

"ಹೂವು?" ಅಂದಳು ರೇಣುಕಾ. ಬಾಡುತ್ತದೆ.

"ಅರಿಷಿಣ?" ಕಲೆ.

"ಕವಡಿ ಹಾಕ್ರಿ." ಕಂಪ್ಯೂಟರಿಗೆ ಗೀರು.

"ಹಂಗಾರ ಇನ್ನೇನ್ ಹಾಕಾದು, ಗಾಳಿ?" ಅಂದಳು ರೇಣುಕಾ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. ಎಲ್ಲರೂ ನಕ್ಕರು. ಗುಂಡಮ್ಮ ನಗಲಿಲ್ಲ.

"ಗಾಳಿ ಯಾಕ? ಮಾತ ಹಾಕಬಹುದಲ್ಲ" ಅಂದಳು.

ಕೈ ತೊಳೆದು ಬಂದು ಒಂದು ಡಬ್ಬಿಯ ಮುಂದೆ ಕೂತಳು. ಬಾಯಿ ಹತ್ತಿರ ತಂದಳು. "ಇವತ್ತ ಪುಂಡಿಪಲ್ಯ ಮಾಡಿದ್ದೆ. ಉಪ್ಪ ಜಾಸ್ತಿ ಆತು" ಅಂದಳು. ಮುಚ್ಚಳ ಹಾಕಿದಳು.

ಸೂರ್ಯನಾರಾಯಣ ಗಾರು ಬಾಗಿಲಲ್ಲಿ ನಿಂತು ನೋಡಿದರು. ಆಗಲಿ ಅನ್ನುವಂತೆ ತಲೆಯಾಡಿಸಿ ಹೋದರು.

ಮಾರ್ಚ್ 24. ಬುಧವಾರ

ಎಂಟು ದಿನದಿಂದ ಬರೆದಿಲ್ಲ. ಬರೆಯಲು ಹೊತ್ತಿಲ್ಲ. ಕೇಳುವುದೇ ಆಗಿದೆ.

ಮೊದಲು ಒಂದೊಂದು ಮಾತು. ಆಮೇಲೆ ಅತ್ತೆಯ ಜಗಳ, ಕಳೆದ ಮೂಗುತಿ, ರೇಣುಕಾಳ ಅರ್ಧ ಹಾಡು. ಈಗ ಗುಂಡಮ್ಮ ಕಥೆಗೆ ಇಳಿದಿದ್ದಾಳೆ. ಒಂದೊಂದು ಡಬ್ಬಿಗೆ ಒಂದೊಂದು ಕಥೆ, ಹೇಳಿದ್ದನ್ನೇ ಮತ್ತೆ ಹೇಳುವಂತಿಲ್ಲ. "ನಿನ್ನಿ ಡಬ್ಬಿ ಕಥಿ ಇವತ್ತಿನ ಡಬ್ಬಿಗೆ ಕೊಟ್ರ ಹಳಸಿದ ಅನ್ನ ಕೊಟ್ಟಂಗರಿ." ತಾಯಪ್ಪನಿಂದ ನಾನು ಕಲಿತ ಕಥೆಗಳೆಲ್ಲ ಸಾಲ ಹೋದವು.

ಡಬ್ಬಿ ಕನ್ನಡಿಯಂತಿದೆ. ಆದರೆ ಅರ್ಧಕ್ಕರ್ಧ ಇನ್ನೂ ಮುಚ್ಚಿಲ್ಲ. ನಾಡಿದ್ದೇ ಇಪ್ಪತ್ತಾರು. "ಸಣ್ಣ ಸಣ್ಣ ಕಥಿ ಹೇಳ್ರೆವಾ" ಅಂದೆ. ಓನರ್ ಹಲ್ಲು ಕಡಿಯುತ್ತ ಓಡಾಡುತ್ತಿದ್ದಾರೆ.

ಮಾರ್ಚ್ 26. ಶುಕ್ರವಾರ. ಸಂಜೆ

ಆದ ಹಾಗೇ ಬರೆಯುತ್ತೇನೆ.

ಟೆಂಪೋ ತುಂಬಿತು. ಡ್ರೈವರ್ ಸಾಬಣ್ಣ ಹಾರನ್ ಒತ್ತುತ್ತಲೇ ಇದ್ದ. ಒಂದು ಡಬ್ಬಿ ಉಳಿದಿತ್ತು, ಗುಂಡಮ್ಮನ ಮುಂದೆ. ಕಥೆ ನಡುವಿನಲ್ಲಿತ್ತು. ಗಿಡವೇ ಇಲ್ಲದ ಊರಿಗೆ ಮದುವೆಯಾಗಿ ಹೋದ ಒಬ್ಬಳು. ತವರಿಗೆ ಹೋದಾಗಲೆಲ್ಲ ಬೇವಿನ ಮರದ ನೆರಳನ್ನು ಕೊಡದಲ್ಲಿ ತುಂಬಿಕೊಂಡು ಬರುತ್ತಾಳೆ, ಅಂಗಳದಲ್ಲಿ ಸುರುವಿಕೊಂಡು ಮಲಗುತ್ತಾಳೆ. ಒಂದು ಸಲ ದಾರಿಯಲ್ಲಿ ಕೊಡ ತುಳುಕಿತು…

"ಕ್ಲೋಸ್ ಚೆಯ್ಯಿ ಅಮ್ಮಾ!" ಮುಚ್ಚಮ್ಮಾ ಅಂತ ಸೂರ್ಯನಾರಾಯಣ ಗಾರು ಕೈಮುಗಿದರು.

"ಅರ್ಧಾ ಕಥಿ ಹೆಂಗ ಕಳಸಾದ್ರಿ? ಆ ಹುಡುಗಿ ಬಿಸಲಾಗ ನಿಂತಾಳ."

ಸಾಬಣ್ಣ ಕಿಟಕಿಯಿಂದ ತಲೆ ಹಾಕಿದ. "ಮುದುಕೀನ್ನ ಡಬ್ಬಿ ಸಮೇತ ಹಾಕ್ರಿ ಗಾಡ್ಯಾಗ. ದಾರ್ಯಾಗ ಹೇಳ್ಲಿ."

ಹಾಕಿದೆವು. ಡಬ್ಬಿ ಅವಳ ಮುಂದೆ, ಪಕ್ಕದಲ್ಲಿ ನಾನು. ಹುಸೇನ್ ಸಾಗರದ ನೀರು ಬಿಸಿಲಿಗೆ ಹಂಚಿನಂತೆ ಹೊಳೆಯುತ್ತಿತ್ತು. ಗುಂಡಮ್ಮನ ದನಿ ಇಂಜಿನ್ನಿನ ಸದ್ದಿನಲ್ಲಿ ಮುಳುಗುತ್ತಿತ್ತು, ಏಳುತ್ತಿತ್ತು. ತುಳುಕಿದ ನೆರಳು ಬಿದ್ದಲ್ಲೆಲ್ಲ ಒಂದೊಂದು ಸಸಿ. ನಾನು ಎಲ್ಲಿಗೆ ಹೊರಟಿದ್ದೇನೆಂಬುದು ಮರೆತೇಹೋಯಿತು. ಮಾಧಾಪುರ ಬರುವ ಹೊತ್ತಿಗೆ ಆ ಹುಡುಗಿಯ ದಾರಿಗೆಲ್ಲ ಸಸಿಗಳು ಮರವಾಗಿದ್ದವು. ಗೇಟಿನಲ್ಲಿ ಮುಚ್ಚಳ ಬಿತ್ತು.

ಸ್ನೇಹಲತಾ ಮೇಡಂ ಲೋಡಿಂಗ್ ಕಟ್ಟೆಯ ಮೇಲೆ ನಿಂತು ಡಬ್ಬಿಗಳನ್ನು ತೆಗೆಸಿದರು. ಟಾರ್ಚ್ ಬಿಟ್ಟು ನೋಡಿದರು. ಸ್ಪಂಜಿನ ಸಂದಿಗಳಿಗೆಲ್ಲ ಬೆರಳು ಹಾಕಿದರು. ಗುಂಡಮ್ಮನ ಡಬ್ಬಿಯಲ್ಲಿ ಮುಖವಿಟ್ಟು ಮೂಸಿದರು.

"ಕ್ಲೀನ್" ಅಂದರು. "ಪಾಸ್." ಒಪ್ಪಂದದ ಕಾಗದ ತೆಗೆದರು, ಪೆನ್ನಿನ ಕ್ಯಾಪ್ ತೆಗೆದರು. ತೊಳೆಯಲು ಹೋಗಬೇಕಾದ ಡಬ್ಬಿಗಳನ್ನು ತೋರಿಸಿ ಟೆಂಪೋಗೆ ಏರಿಸಿಕೊಳ್ಳಿ ಅಂದರು.

ಗುಂಡಮ್ಮ ಅವುಗಳಲ್ಲಿ ಒಂದರ ಮುಚ್ಚಳ ಎತ್ತಿ ಇಣುಕಿದಳು. ಮೇಡಂ ಕಡೆ ನೋಡಿದಳು. ನನ್ನ ಕಡೆ ನೋಡಿದಳು.

"ಬರೇ ಡಬ್ಬಿ ಕೊಡಾಕತ್ತಾಳಲ್ರಿ ಅಣ್ಣಾ ಇಕಿ!"

ಪೆನ್ನು ನಿಂತಿತು. ಮೇಡಂ ನನ್ನನ್ನೇ ನೋಡಿದರು. "ಡಬ್ಬಾಲು ಚಾಲಾ ಬಾಗುನ್ನಾಯಿ ಅಂಟೋಂದಿ ಮೇಡಂ" ಅಂದೆ. ಡಬ್ಬಿ ಭಾಳ ಚೆನ್ನಾಗಿವೆ ಅನ್ನುತ್ತಿದ್ದಾಳೆ, ಅಂತ.

"ಸುಳ್ಳ ಹೇಳಬ್ಯಾಡ್ರಿ" ಅಂದರು ಮೇಡಂ. "ನಮ್ಮದು ರಾಯಚೂರು."

ನಾನು ಕಲ್ಲಾದೆ. ಗುಂಡಮ್ಮನಿಗೆ ಮಾತ್ರ ಯಾವ ಆಶ್ಚರ್ಯವೂ ಇಲ್ಲ. "ರಾಯಚೂರಾಕಿ ಆಗಿ ಬರೇ ಡಬ್ಬಿ ಕೊಡತೀಯೇನವಾ? ನಾವು ನೋಡು, ಒಂದೊಂದಕ್ಕೂ ಕಥಿ ಹೇಳಿ ತಂದೀವಿ. ಕಾಳ ಹಾಕಿದ್ರ ಬೈತೀ ಅಂತ."

ಮೇಡಂ ಅವಳನ್ನೇ ನೋಡಿದರು. ಜೋಳ, ಬೆಲ್ಲ, ಇರುವೆ — ಎಲ್ಲ ಒಂದೊಂದಾಗಿ ಅವರ ಮುಖದ ಮೇಲೆ ಹಾದುಹೋಯಿತು. ಬಗ್ಗಿ ಸಹಿ ಹಾಕಿದರು. ಕಾಗದ ನನ್ನ ಕೈಗಿಟ್ಟರು. ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ.

"ನನ್ನ ಕಡೆ ಏನೂ ಇಲ್ಲವಾ" ಅಂದರು, ಮೆತ್ತಗೆ.

"ಇಲ್ಲದಿದ್ರ ಇಲ್ಲ ಅಂತರೆ ಹೇಳು ಅದಕ್ಕ."

ಅತ್ತ ಇತ್ತ ನೋಡಿದರು. ಸೆಕ್ಯೂರಿಟಿಯವನು ಬೇರೆ ಕಡೆ ತಿರುಗಿದ್ದ. ಕುತ್ತಿಗೆಯ ಕಾರ್ಡನ್ನು ಬೆನ್ನ ಮೇಲೆ ಎಸೆದುಕೊಂಡು ಮೊಣಕಾಲೂರಿದರು. ಡಬ್ಬಿಯ ಅಂಚು ಹಿಡಿದರು. ಮುಂದೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದರು. ಆಮೇಲೆ, "ಅವ್ವಾ…" ಅಂದರು. ನಾನು ದೂರ ಸರಿದೆ. ಆದರೂ ಕೇಳಿಸಿತು. ಬರೆಯುವುದಿಲ್ಲ. ಡಬ್ಬಿಗೆ ಹೇಳಿದ್ದು.

ಗುಂಡಮ್ಮ ಮುಚ್ಚಳ ಹಾಕಿದಳು, ಮಲಗಿದ ಕೂಸಿಗೆ ಹೊದಿಸಿದ ಹಾಗೆ. ವಾಪಸ್ ಬರುವಾಗ ಆ ಡಬ್ಬಿಯನ್ನು ಅವಳು ತಬ್ಬಿಕೊಂಡೇ ಕೂತಿದ್ದಳು. ಸಾಬಣ್ಣ ಒಂದು ಸಲವೂ ಹಾರನ್ ಹೊಡೆಯಲಿಲ್ಲ.

ಸೂರ್ಯನಾರಾಯಣ ಗಾರು ಕಾಗದ ಹಿಡಿದು ಶೆಡ್ಡಿನಲ್ಲಿ ಕುಣಿದರು. ಹೆಂಗಸರಿಗೆಲ್ಲ ಬಿರಿಯಾನಿ. ಗುಂಡಮ್ಮ ಪೊಟ್ಟಣ ಬಿಚ್ಚದೆ ಆ ಒಂದು ಡಬ್ಬಿಯ ಪಕ್ಕ ಕೂತಿದ್ದಾಳೆ. ಅದನ್ನೂ ನಾಳೆ ತೊಳೆಯಬೇಕು. ಲೋಡಿನ ಡಬ್ಬಿ.

"ತೊಳದ್ರ ಹೋಗ್ತೈತೇನ್ರಿ ಅಣ್ಣಾ, ಆ ಮೇಡಂ ಹೇಳಿದ್ದು?" ಅಂತ ಕೇಳಿದಳು ಈಗ.

ಏನು ಹೇಳಲಿ. ಹೋಗುವುದಿಲ್ಲ ಅಂದರೆ ನಂಬಿ ತೊಳೆಯುತ್ತಾಳೆ. ಹೋಗುತ್ತದೆ ಅಂದರೆ ಆ ಡಬ್ಬಿಗೆ ನೀರೇ ಮುಟ್ಟಿಸುವುದಿಲ್ಲ —