ಒಂಬತ್ತು ದಿನದ ಹಾಜರಿ

ಕಾಯಂ ವಾಸದ ಅರ್ಜಿಗಳನ್ನು ತೂಗಿ ನೋಡುವ ಅಧಿಕಾರಿಗಳೇ,

ನನ್ನ ಅರ್ಜಿಯನ್ನು ನೀವು ತಡೆಹಿಡಿದಿದ್ದೀರಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಐದು ವರ್ಷ ದುಡಿದದ್ದು ಸಾಲದೆಂದಲ್ಲ, ಒಂಬತ್ತು ದಿನ ಹೆಚ್ಚಾಯಿತೆಂದು! ಹಾಜರಿ ಕಾರ್ಡಿನ ಪ್ರಕಾರ ಆ ದಿನಗಳಲ್ಲಿ ನಾನು ಹಾಸಿಗೆ ಬಟ್ಟೆ ಮಡಿಸುತ್ತಿದ್ದೆ. ಪಾಸ್‌ಪೋರ್ಟಿನ ಮುದ್ರೆಯ ಪ್ರಕಾರ ಈ ದೇಶದಲ್ಲೇ ಇರಲಿಲ್ಲ. "ಒಬ್ಬರೇ ಎರಡು ಕಡೆ ಇರೋಕೆ ಆಗುತ್ತೇನಮ್ಮಾ?" ಎಂದು ಗಾಜಿನ ಆಚೆಯಿಂದ ಕೇಳಿದಿರಿ. ಆಗುತ್ತದೆ ಸ್ವಾಮಿ. ಐದು ವರ್ಷದಿಂದ ನಮಗೆ ಅದೇ ಅಭ್ಯಾಸ.

ನಡೆದದ್ದು ಇಷ್ಟು. ನನ್ನನ್ನು ಸಾಕಿ ಬೆಳೆಸಿದ ಅಣ್ಣ ಊರಲ್ಲಿ ತೀರಿಕೊಂಡ. ಸುದ್ದಿ ಬಂದಾಗ ನಾನೂ ನನ್ನ ಜೊತೆಗಾತಿಯೂ ಒಂದು ಹೊದಿಕೆಯ ಎರಡು ತುದಿ ಹಿಡಿದು ನಿಂತಿದ್ದೆವು. ಅವಳನ್ನು ಚಿಕ್ಕಮ್ಮ ಎನ್ನುತ್ತೇನೆ. ಹುಡುಕಲು ಹೊರಡಬೇಡಿ, ನಮ್ಮಲ್ಲಿ ಐವತ್ತು ದಾಟಿದವರೆಲ್ಲ ಚಿಕ್ಕಮ್ಮಂದಿರೇ. ಕೆಲಸದಲ್ಲಿ ಒಂದು ದಿನ ತಪ್ಪಿದರೂ ಕಾಯಂ ವಾಸಕ್ಕೆ ಬೇಕಾದ ಐದು ವರ್ಷದ ದುಡಿಮೆ ಮಣ್ಣುಪಾಲು ಎಂದು ಲಾಂಡ್ರಿಯಲ್ಲಿ ಎಲ್ಲರೂ ನಂಬಿದ್ದೆವು. ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದಾಗ ಅವಳೇ ಗದರಿಸಿದಳು: "ಅಣ್ಣನ ಮುಖ ನೋಡೋಕೂ ಇವರನ್ನ ಕೇಳ್ಬೇಕೇನೇ? ಹೋಗಿ ಬಾ. ಇಲ್ಲೀದು ನಾನು ನೋಡ್ಕೋತೀನಿ."

ನೋಡಿಕೊಂಡಳು. ಇಬ್ಬರು ಮಡಿಸುವ ಹೊದಿಕೆಯ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದು ತುದಿ ಎಳೆದು, ಒಂಬತ್ತು ದಿನ ಒಬ್ಬಳೇ ಮಡಿಸಿದಳು. ಸಂಜೆ ತನ್ನ ಕಾರ್ಡಿನ ಜೊತೆ ನನ್ನದನ್ನೂ ಹಾಜರಿ ಯಂತ್ರದಲ್ಲಿ ಒತ್ತಿದಳು. ನಾನು ವಾಪಸು ಬಂದ ಮೇಲೆ ಅವಳು ಇದನ್ನು ಹೇಳಿದಾಗ ಅವಳನ್ನು ತಬ್ಬಿಕೊಂಡು ಅತ್ತೆ. ಕಾರ್ಡು ಹಾಗೆ ಒತ್ತಿದ್ದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಆದರೆ ವರ್ಷಕ್ಕೆ ಮೂವತ್ತು ದಿನ ರಜೆ ಹಾಕಬಹುದೆಂಬ ನಿಯಮ ನಿಮ್ಮ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿದೆಯಂತೆ! ಒಂದು ನೋಟಿಸು ಗೋಡೆಗೆ ಅಂಟಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಹೆದರಿಸುವ ನೋಟಿಸುಗಳಿಗೆ ಮಾತ್ರ ನಿಮ್ಮಲ್ಲಿ ಅಂಟು ಧಾರಾಳವಾಗಿದೆ.

ಈಗ ಹದಿನಾಲ್ಕು ದಿನದ ಗಡುವು ಕೊಟ್ಟು ಒಂದು ನಮೂನೆ ಕಳಿಸಿದ್ದೀರಿ. ಕಾರ್ಡು ಒತ್ತಿದವರ ಹೆಸರು ಬರೆದರೆ ನನ್ನ ಅರ್ಜಿಯನ್ನು "ಸಹಾನುಭೂತಿಯಿಂದ" ಪರಿಶೀಲಿಸುವಿರಂತೆ. ಬರೆಯದಿದ್ದರೆ ಮಗಳನ್ನು ಶಾಲೆ ಬಿಡಿಸಿಕೊಂಡು ಗಂಟುಮೂಟೆ ಕಟ್ಟಬೇಕು. ಲಾಂಡ್ರಿಯ ಅಷ್ಟೂ ಹೆಂಗಸರ ಕಡತಗಳು ನಿಮ್ಮ ಕೈಯಲ್ಲೇ ಇವೆ. ಒಬ್ಬಳಿಗೆ ಬಾಗಿಲು ತೆರೆಯಲು ಇನ್ನೊಬ್ಬಳನ್ನು ಹೊರಗೆ ತಳ್ಳಬೇಕೆಂಬ ಸಹಾನುಭೂತಿಯನ್ನು ಎಲ್ಲಿ ಕಲಿತಿರಿ? ಚಿಕ್ಕಮ್ಮ ನಿನ್ನೆ ಪೆನ್ನು ತಂದು ನನ್ನ ಕೈಗಿಟ್ಟಳು. "ಬರಿ. ನಿನ್ನ ಮಗು ಓದ್ಬೇಕು. ನಂದೇನು, ಹೆಂಗೋ ಆಗುತ್ತೆ." ನಾನು ಪೆನ್ನು ವಾಪಸು ಕೊಟ್ಟೆ. ಇಬ್ಬರೂ ಮತ್ತೆ ಎರಡು ತುದಿ ಹಿಡಿದು ಹೊದಿಕೆ ಮಡಿಸಿದೆವು.

ನನ್ನ ಬೇಡಿಕೆ ಸಣ್ಣದು. ಆ ಒಂಬತ್ತು ದಿನಗಳನ್ನು ನಿಮ್ಮದೇ ನಿಯಮದಂತೆ ರಜೆಯೆಂದು ಬರೆದುಕೊಳ್ಳಿ, ಕಡತವನ್ನು ಮತ್ತೆ ಸರದಿಗೆ ಹಾಕಿ. ನಮೂನೆಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ನನ್ನ ಹೆಸರು, ಮಗಳ ಹೆಸರು, ತೀರಿಕೊಂಡ ಅಣ್ಣನ ಹೆಸರು, ಎಲ್ಲವನ್ನೂ ದುಂಡಾಗಿ ತುಂಬಿದ್ದೇನೆ. ಒಂದು ಖಾನೆ ಮಾತ್ರ ಖಾಲಿ ಇದೆ. ಮರೆತು ಬಿಟ್ಟದ್ದಲ್ಲ.

ಇಂತಿ,
ಕಾರ್ಡಿನಲ್ಲಿ ಒಂಬತ್ತು ದಿನ ಹೆಚ್ಚಾಗಿ,
ನಿಮ್ಮ ದೇಶದಲ್ಲಿ ಒಬ್ಬಳು ಹೆಚ್ಚಾದವಳು