ಹಳದಿ ನೆತ್ತಿಯ ಗಿರಾಕಿ

ಅಂಗಡಿಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಕ್ಕ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಸೀಸೆ ನೋಡಿಯೇ ಸಮಾಧಾನಪಟ್ಟುಕೊಳ್ಳುತ್ತಿದ್ದೀಯೋ? ನಿನ್ನನ್ನು ನಾನು ಬಲ್ಲೆ. ನಾವೆಲ್ಲ ಕ್ಷೇಮ. ಕೂದಲು ಯಾರ ಮಾತೂ ಕೇಳದೆ ಬೆಳೆಯುವುದರಿಂದ ನನ್ನ ಕತ್ತರಿಗೂ ಬಿಡುವಿಲ್ಲ.

ಬಳ್ಳಿಯ ಬೀಜ ಕೇಳಿದ್ದೆಯಲ್ಲ, ಅದರ ಕಥೆ ಕೇಳು. ಮನೆ ಪಾಲಾದಾಗ ನನಗೊಂದು, ಎದುರುಮನೆಗೆ ಹೋದ ಅಣ್ಣನಿಗೊಂದು ಅಂತ ನೀನು ಕೊಟ್ಟ ಕೆಂಪು ಹೂವಿನ ಬಳ್ಳಿ ಈ ಸಲವೂ ಗೊಂಚಲು ಗೊಂಚಲಾಗಿ ಅರಳಿತು. ಕಾಯಿ ಮಾತ್ರ ಒಂದೂ ಕಚ್ಚಲಿಲ್ಲ. ಹೂವಿನ ಹಳದಿ ಪುಡಿಯನ್ನು ಹೂವಿಂದ ಹೂವಿಗೆ ಮುಟ್ಟಿಸಬೇಕು ಎಂದು ಗಿರಾಕಿಯೊಬ್ಬ ಹೇಳಿದ. ಅದೇನು ಮಹಾ ಎಂದುಕೊಂಡು, ಗಿರಾಕಿಗಳ ಕತ್ತು ಒರೆಸುವ ಬ್ರಷ್ಷನ್ನೇ ಒಂದೊಂದು ಹೂವಿಗೂ ಆಡಿಸಿದೆ. ಬ್ರಷ್ ತುಂಬ ಪೌಡರ್ ಇದ್ದದ್ದು ಹೊಳೆಯಲೇ ಇಲ್ಲ! ಹೂಗಳೆಲ್ಲ ಕ್ಷೌರ ಮುಗಿಸಿ ಎದ್ದವರ ಹಾಗೆ ಬೆಳ್ಳಗೆ ಘಮಘಮ ಅನ್ನುತ್ತಿದ್ದವು. ನಿನ್ನ ಸೊಸೆ ಬಿದ್ದು ಬಿದ್ದು ನಕ್ಕಳು. ನೀನೂ ನಗುತ್ತಿದ್ದೀಯ, ಗೊತ್ತು.

ಹೊಸ ಹೂ ಬಿಟ್ಟ ಮೇಲೆ ಬಾಗಿದ ಕೊಕ್ಕಿನ ಸೂರಕ್ಕಿಯೊಂದು ಬಂತು. ಹೂವಿನೊಳಗೆ ತಲೆ ತೂರಿಸಿ ಮಕರಂದ ಕುಡಿದು ಹೊರಬಂದರೆ ನೆತ್ತಿಯೆಲ್ಲ ಹಳದಿ. ಒರೆಸಿ ಕಳಿಸೋಣವೆಂದು ನನ್ನ ಕೈ ತುರಿಸಿತು. ಅದು ನೇರ ಬೀದಿ ದಾಟಿ ಅಣ್ಣನ ಮಹಡಿಗೆ ಹಾರಿತು. ಅಲ್ಲಿ ಏನಿದೆ? ಜಗಳವಾದಂದು ನನ್ನ ಮುಖ ಕಾಣಬಾರದೆಂದು ಅವನು ಕಟ್ಟಿದ ನೀಲಿ ಟಾರ್ಪಾಲು. ಅವನ ಬಳ್ಳಿ ಅದರ ಹಿಂದೆ. ಹಕ್ಕಿ ಟಾರ್ಪಾಲಿನ ಮುಂದೆ ಪಟಪಟ ರೆಕ್ಕೆ ಬಡಿದು, ಸಪ್ಪೆಯಾಗಿ ನನ್ನ ಹೂವಿಗೇ ವಾಪಸ್ಸು ಬಂತು.

ಆಗ ನಿನ್ನ ಮಾತು ನೆನಪಾಯಿತು. "ಎರಡನ್ನೂ ಎದುರುಬದುರಾಗಿ ಇಡ್ರೋ. ಒಂದರ ಪುಡಿ ಇನ್ನೊಂದಕ್ಕೆ ಮುಟ್ಟದಿದ್ರೆ ಕಾಯಿ ಕಚ್ಚಲ್ಲ." ಅಮ್ಮಾ, ಅವತ್ತು ಬಳ್ಳಿಯ ಬಗ್ಗೆ ಹೇಳುತ್ತಿದ್ದೀಯ ಎಂದುಕೊಂಡಿದ್ದೆ. "ಒಬ್ಬನ ಬಾಗಿಲಿಗೆ ಬಂದು ಇನ್ನೊಬ್ಬನ ಬಾಗಿಲು ನೋಡ್ಕೊಂಡು ಹೋಗೋಕೆ ನನ್ನಿಂದಾಗಲ್ಲ" ಎಂದು ನೀನು ಈ ಬೀದಿಗೇ ಬರುವುದನ್ನು ಬಿಟ್ಟದ್ದೂ ನೆನಪಾಯಿತು. ಎತ್ತು ಏರಿಗೆ, ಕೋಣ ನೀರಿಗೆ ಅಂತ ನಾವು ಎಳೆದಾಡಿದ್ದು ಸಾಕು ಅನ್ನಿಸಿತು.

ಕತ್ತರಿ ಕೈಯಲ್ಲಿ ಹಿಡಿದೇ ಬೀದಿಗಿಳಿದು ಕೂಗಿದೆ, "ಅಣ್ಣಾ, ಆ ಟಾರ್ಪಾಲು ಸ್ವಲ್ಪ ಎತ್ತು!" ಟಾರ್ಪಾಲಿನ ಹಿಂದಿನಿಂದ ಅವನ ದನಿ, "ಯಾರಿಗೆ?"

"ಹಕ್ಕಿಗೆ," ಅಂದೆ.

ಟಾರ್ಪಾಲು ಎದ್ದಿತು. ಮೂರು ವಾರವಾಯಿತು, ಇನ್ನೂ ಇಳಿದಿಲ್ಲ. ಅಣ್ಣನ ಕೂದಲು ನರೆತಿದೆ ಅಮ್ಮಾ. ಯಾರೋ ಹಾಳು ಹಾಳಾಗಿ ಕತ್ತರಿಸಿದ್ದಾರೆ.

ಅಕ್ಕ, ಭಾವನಿಗೆ ನಮಸ್ಕಾರ ಹೇಳು. ಎಣ್ಣೆ ಮರೆಯಬೇಡ.

ನಿನ್ನ ಕಿರಿಮಗ

ಇನ್ನೊಂದು ಮಾತು: ಇದನ್ನು ಬರೆಯುತ್ತಿರುವಾಗಲೇ ಅಣ್ಣ ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದಾನೆ. ಎರಡು ಬಳ್ಳಿಯಲ್ಲೂ ಕಾಯಿ ಕಚ್ಚಿದೆ. ಬೀಜ ಅಂಚೆಯಲ್ಲಿ ಕಳಿಸಬಾರದಂತೆ, ಅಮ್ಮನೇ ಬಂದು ಕಿತ್ತುಕೊಳ್ಳಲಿ ಅನ್ನುತ್ತಾನೆ. ಮನೆ ಪಾಲಾದ ಮೇಲೆ ನಾವಿಬ್ಬರೂ ಒಪ್ಪಿದ ಮೊದಲ ಮಾತಿದು. ಬೇಗ ಬಾ.