ಎಡಗಡೆ ಕೂತವಳು

ಸುರುಲೆರೆ, ಲಾಗೋಸ್
ಆಗಸ್ಟ್ ೧೪

ಪ್ರೀತಿಯ ಅಮ್ಮಾ,

ಇಲ್ಲಿಂದಲೇ ಮೊಣಕಾಲೂರಿ ನಮಸ್ಕಾರ. ನೀನು ಫೋನ್ ಮಾಡಿದಾಗಲೆಲ್ಲ ಕೆಲಸದ ನೆಪ ಹೇಳಿ ಇಟ್ಟುಬಿಟ್ಟೆ, ಕ್ಷಮಿಸು. ಬಾಯಲ್ಲಿ ಹೇಳಲಾಗದ್ದು ಒಂದಿತ್ತು, ಅದಕ್ಕೇ ಈ ಕಾಗದ. ನಿನ್ನ ಮಂಡಿನೋವು ಹೇಗಿದೆ? ಬಟ್ಟೆಯನ್ನು ನೀಲಿ ಬಣ್ಣದಲ್ಲಿ ಅದ್ದುವ ಕೆಲಸ ಇನ್ನಾದರೂ ಬಿಡು ಎಂದರೆ ನೀನು ಕೇಳುವವಳಲ್ಲ.

ನಮ್ಮ ಅವಳಿಗಳ, ನನ್ನ ಮತ್ತು ತೈವೋಳ ಕಥೆಯನ್ನು ಚಿತ್ರಕಥೆಯಾಗಿ ಬರೆದು ಮುಗಿಸಿದೆ. ಆದರೆ ಈಗ ಯಾವ ನಿರ್ಮಾಪಕರೂ ಮೊದಲು ಚಿತ್ರಕಥೆ ಓದುವುದಿಲ್ಲ. ಸಿನಿಮಾ ಹೇಗೆ ಕಾಣುತ್ತದೆ ಎಂದು ಹನ್ನೆರಡು ಪುಟ ಚಿತ್ರ ಜೋಡಿಸಿ ತೋರಿಸಬೇಕು. ಪಿಚ್ ಡೆಕ್ ಅನ್ನುತ್ತಾರೆ. ಬೀದಿ, ಬಣ್ಣ, ಮುಖ ಎಲ್ಲವನ್ನೂ ಎಲ್ಲೆಲ್ಲಿಂದಲೋ ಎರವಲು ತರುವುದೇ ರೂಢಿ. ತೈವೋಳ ಮುಖ ಮಾತ್ರ ಎರವಲು ತರಲಾರೆ ಎಂದು ಹಠ ಹಿಡಿದೆ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿರುವ ಫೋಟೋ, ನನ್ನ ಮದುವೆಯಲ್ಲಿ ನೀನು ಮನೆಯ ಗೋಡೆಯಿಂದ ಇಳಿಸಿ ಕೊಟ್ಟದ್ದು, ಅದನ್ನೇ ನಾಲ್ಕನೇ ಪುಟಕ್ಕೆ ಹಾಕಿಸಿದೆ.

ಪುಟ ಜೋಡಿಸುವ ಎಬಿಯೆರೆ ಅದನ್ನು ಪರದೆ ತುಂಬ ದೊಡ್ಡದು ಮಾಡಿದಳು. "ಅಲ್ಲ ಕಣೇ, ಇಬ್ರಿಗೂ ಒಂದೇ ಮಂಡೀಲಿ ಒಂದೇ ಗಾಯಾನಾ?"

"ಅವಳಿ ಅಲ್ವಾ, ಬಿದ್ರೂ ಜೊತೇಲೇ" ಎಂದು ನಕ್ಕೆ.

ಅವಳು ನಗಲಿಲ್ಲ. "ಗುಂಡೀನೂ ಇಬ್ರದೂ ಒಂದೇ ಕಡೆ ಕಿತ್ತೋಗಿದೆ. ಬೆಂಚಿನ ಮಧ್ಯೆ ಗೆರೆ ನೋಡು, ಎರಡು ಫೋಟೋ ಸೇರ್ಸಿದಾರೆ. ಕೆಹಿಂದೆ, ಇಬ್ರೂ ನೀನೇ."

ಆಗ ನೆನಪಾಯಿತಮ್ಮಾ. ಸ್ಟುಡಿಯೋದವನು ನನ್ನನ್ನು ಬಲಗಡೆ ಕೂರಿಸಿ ಒಂದು ಸಲ ತೆಗೆದ. ಆಮೇಲೆ ನೀನು ಬಂದು ನನ್ನನ್ನು ಎಡಗಡೆಗೆ ಸರಿಸಿ, "ಈಗ ತಂಗಿಗೋಸ್ಕರ ಕೂತ್ಕೋ, ಚಿನ್ನಾ" ಅಂದೆ. ತೈವೋ ದಡಾರದಿಂದ ಹೋಗಿ ಆಗಲೇ ತಿಂಗಳಾಗಿತ್ತು. ಅವಳಿಯಲ್ಲಿ ಒಂದು ಹೋದರೆ ಹೀಗೆ ತೆಗೆಸುವುದು ನಮ್ಮಲ್ಲಿ ಇದ್ದದ್ದೇ. ನಿನ್ನ ಮೇಲೆ ಸಿಟ್ಟಿಲ್ಲ. ದುಃಖ ಮಾತ್ರ ಹೊಟ್ಟೆ ತುಂಬ ಇದೆ.

ಮಾರನೆಯ ದಿನವೇ ತೋರಿಸಬೇಕಿತ್ತು, ಪುಟ ಬದಲಿಸಲು ಹೊತ್ತಿರಲಿಲ್ಲ. ನಿರ್ಮಾಪಕಿ ಬಾಂಕೋಲೆ ಮೇಡಂ ನಾಲ್ಕನೇ ಪುಟಕ್ಕೆ ಬಂದು ನಿಂತುಬಿಟ್ಟರು. "ಎಡಗಡೆಯವಳ ಕಣ್ಣು ನೋಡ್ರೀ. ತಾನು ಹೋಗ್ತೀನಿ ಅಂತ ಗೊತ್ತಿದ್ದವಳ ಹಾಗಿದೆ. ಈ ಸಿನಿಮಾ ನಾನೇ ಮಾಡ್ತೀನಿ" ಅಂದರು. ನಾನು ಹೌದೆಂದು ತಲೆಯಾಡಿಸಿದೆ. ಎಬಿಯೆರೆ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಈ ಸಿನಿಮಾ ಆಗಲೆಂದು ನೀನು ಹರಕೆ ಹೊತ್ತದ್ದು ಕೈಗೂಡಿತು, ಸಂತೋಷಪಡು. ದೇವರು ನಿನಗೆ ಆಯುಸ್ಸು ಕೊಡಲಿ, ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ ಮಗಳು,
ಕೆಹಿಂದೆ

ತಾ.ಕ.: ಮೂವತ್ತು ವರ್ಷ, ಪ್ರತಿ ಹುಟ್ಟುಹಬ್ಬಕ್ಕೂ ಅವಳಿಗಳಿಗೆ ಇಡುವ ಅಲಸಂದೆ ಬೇಯಿಸಿ ಎಡಗಡೆಯವಳ ಮುಂದೆ ಇಟ್ಟು ಅವಳೊಡನೆ ಮಾತಾಡಿದ್ದೇನೆ. ನನಗೆ ನಾನೇ ಬಡಿಸಿಕೊಂಡಿದ್ದೆ. ನಾವಿಬ್ಬರೂ ಒಂದೇ ಅಚ್ಚು ಎಂದು ನಂಬಿದ್ದೂ ಆ ಫೋಟೋ ನೋಡಿಯೇ. ಅಮ್ಮಾ, ಅವಳು ನಿಜವಾಗಿಯೂ ನನ್ನ ಹಾಗೇ ಇದ್ದಳಾ? ಇಲ್ಲದಿದ್ದರೆ ಹೇಗಿದ್ದಳು, ಬರೆದು ಕಳಿಸು. ನನ್ನ ಪ್ರತಿಯಲ್ಲಿ ನಾಲ್ಕನೇ ಪುಟ ಖಾಲಿ ಮಾಡಿಟ್ಟಿದ್ದೇನೆ. ನೀನೂ ಮರೆತಿದ್ದರೆ, ಮರೆತೆ ಅಂತಲೇ ಬರೆ.